ಆಗಲಿಯವರ ಅನುಮತಿ

ನಮ್ಮ ಎದುರು ಮನೆಯವರು ಯಾರಿಗೂ ಯಾವುದಕ್ಕೂ ಇಲ್ಲ ಎಂದವರಲ್ಲ. ಏಣಿ ಕೊಡಿ ಎಂದರೆ ಆಗಲಿ, ಏಣಿ ಹಿಡಿದುಕೊಳ್ಳೋಕೆ ನೀವೂ ಬನ್ನಿ ಎಂದರೆ ಆಗಲಿ, ಏಣಿ ಮುರಿದುಹೋಯಿತು ಎಂದರೂ ಆಗಲಿ. ಹೀಗಾಗಿ ಕಟ್ಟಡದವರೆಲ್ಲ ಅವರನ್ನು ಆಗಲಿಯವರು ಎಂದೇ ಕರೆಯುತ್ತಿದ್ದೆವು. ಒಂದು ದಿನ ಬಾಯಿತಪ್ಪಿ ಎದುರಿಗೇ ಹಾಗೆ ಕರೆದುಬಿಟ್ಟೆ. ಅದಕ್ಕೂ ಅವರು ಆಗಲಿ ಎಂದರು.

ಅವರದ್ದು ಕನ್ನಡಕದ ಅಂಗಡಿ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಹೇರಿ, ಒಂದೊಂದೇ ಗಾಜು ಬದಲಿಸುತ್ತ, "ನಿಮಗೆ ಬೇಕಾಗಿರೋದು ದೂರದ್ದಾ, ಹತ್ತಿರದ್ದಾ?" ಎಂದು ಕೇಳುವುದು ಅವರ ಕಸುಬು. ಹತ್ತಿರದ್ದು ಎಂದರೆ ಹತ್ತಿರದ್ದನ್ನೇ ಕೊಡುತ್ತಾರೆ. ಆಮೇಲೆ ಗಿರಾಕಿ ಬೀದಿಗಿಳಿದು ಯಾರದೋ ಹೆಂಡತಿಗೆ ಕೈ ಬೀಸಿದರೆ ಅದು ಅವನ ಪಾಡು. ದೂರದ್ದು ಬೇಕು ಅಂತ ಅವನು ಹೇಳಲಿಲ್ಲವಲ್ಲ. ಈ ಒಂದು ಅಭ್ಯಾಸ ನಮ್ಮ ಕಟ್ಟಡವನ್ನು ಮೂರು ತಿಂಗಳು ಆಳಿತು ಎಂದರೆ ಹೊರಗಿನವರು ನಂಬುವುದಿಲ್ಲ. ಒಳಗಿನವರಾದ ನಾವೇ ಇನ್ನೂ ಪೂರ್ತಿ ನಂಬಿಲ್ಲ.

ನಮ್ಮದು ನಾಲ್ಕು ಮಹಡಿಯ ಕಟ್ಟಡ. ಒಂದು ಲಿಫ್ಟು, ಮತ್ತು ಲಿಫ್ಟಿಗಿಂತ ಹಳೆಯ ಜಗಳಗಳು. ಮೂರನೆಯ ಮಹಡಿಯ ಬಾಲ್ಕನಿ ತುಂಬ ಹೂಕುಂಡ ಇಟ್ಟುಕೊಂಡಿರುವ ಕುಂಡದಮ್ಮ ಗಿಡಕ್ಕೆ ನೀರು ಹಾಕಿದರೆ, ಅದು ನೆಲಮಹಡಿಯಲ್ಲಿ ಡ್ರೈವಿಂಗ್ ಶಾಲೆ ನಡೆಸುವ ಮೇಷ್ಟ್ರ ಕಾರಿನ ಮೇಲೆ ಸುರಿಯುತ್ತದೆ. ಮೇಷ್ಟ್ರ ಶಿಷ್ಯರು ಬೆಳಗಾಗೆದ್ದು ಕಾರನ್ನು ಗುರ್ರೆನ್ನಿಸಿದರೆ ಕುಂಡದಮ್ಮನ ನಿದ್ದೆ ಹಾಳಾಗುತ್ತದೆ. ಮೇಲಿನ ಮಹಡಿಯಲ್ಲಿ ಗಣಿತದ ಟೀಚರ್ ಒಬ್ಬರೇ ಇದ್ದರು. ನಿವೃತ್ತರಾಗಿದ್ದರೂ ತಪ್ಪು ಎಲ್ಲಿ ಕಂಡರೂ ನಿಂತ ನಿಲುವಿನಲ್ಲಿ ತಿದ್ದುತ್ತಿದ್ದರು. ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. ತಿದ್ದುವವರಿಬ್ಬರು ಒಂದೇ ಮೆಟ್ಟಿಲು ಹತ್ತಿ ಇಳಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲು ಎಲ್ಲರ ಫೋನಿನಲ್ಲೂ ಒಂದು ಸಾಮಾನ್ಯ ಗುಂಪು ಇತ್ತು. ಒಬ್ಬರು ಬೈಯುವುದು, ಇನ್ನೊಬ್ಬರು ತಿರುಗಿ ಬೈಯುವುದು, ಅಷ್ಟರಲ್ಲಿ ಮೊದಲನೆಯವರು ಬೈದದ್ದನ್ನು ಅಳಿಸಿ "ನಾನೆಲ್ಲಿ ಅಂದೆ?" ಎನ್ನುವುದು. ಕೊನೆಗೆ ಮೆಟ್ಟಿಲ ಮೇಲೆ ಸಭೆ ಸೇರಿ, ಹೊಸದೊಂದು ವ್ಯವಸ್ಥೆ ಬೇಕು, ಅದರಲ್ಲಿ ಅಂದದ್ದನ್ನು ಯಾರೂ ಅಳಿಸುವ ಹಾಗಿರಬಾರದು ಎಂದು ತೀರ್ಮಾನಿಸಿದೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಆ ಸಭೆಯಲ್ಲಿ ಹೇಳಿದವನು ನಾನೇ. ಉಸ್ತುವಾರಿ ಯಾರದ್ದು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಆಗಲಿಯವರ ಮುಖ ನೋಡಿದೆವು. ಅವರು ಏನೆಂದರೆಂದು ಬೇರೆ ಹೇಳಬೇಕೆ?

ಅವರ ನಾದಿನಿ, ಅಂದರೆ ಹೆಂಡತಿಯ ತಂಗಿ, ತಕ್ಷಣ ಸಂದೇಶ ಮುಟ್ಟಿಸುವ ಯಂತ್ರಗಳನ್ನು ಕಟ್ಟುವ ಕಂಪನಿಯಲ್ಲಿ ಎಂಜಿನಿಯರು. ಒಂದು ಭಾನುವಾರ ಬಂದು ನಮಗೊಂದು ಆಪ್ ಮಾಡಿಕೊಟ್ಟಳು. ಆಮೇಲೆ ಭಾವನನ್ನು ಸೋಫಾದಲ್ಲಿ ಕೂರಿಸಿ ಪಾಠ ಶುರುಮಾಡಿದಳು. ಇದನ್ನು ನನಗೆ ಹೇಳಿದವರು ಆಗಲಿಯವರ ಹೆಂಡತಿ, ನಾನು ಅತ್ತಿಗೆ ಎನ್ನುವವರು.

"ನೋಡಿ ಭಾವ, ಒಂದೊಂದು ವಿಷಯಕ್ಕೂ ಒಂದೊಂದು ಚಾನೆಲ್ಲು. ನೀರು, ಲಿಫ್ಟು, ಪಾರ್ಕಿಂಗು, ಆಮೇಲೆ ಎಲ್ಲರದ್ದು ಅಂತ ಒಂದು. ಯಾರು ಬಂದ್ರೂ ಯಂತ್ರ ಬಾಗಿಲಲ್ಲೇ ನಿಲ್ಲಿಸಿ, ಇವರಿಗೆ ಅನುಮತಿ ಇದೆಯಾ ಅಂತ ನೀವು ಹಾಕಿರೋ ಗುರುತು ನೋಡುತ್ತೆ. ಒಬ್ಬೊಬ್ಬರಿಗೂ ಎರಡು ಚೌಕ. ಒಂದು ಬರೆಯೋಕೆ, ಒಂದು ಓದೋಕೆ. ಗುರುತು ಇಲ್ಲದಿದ್ರೆ ಅವರಪ್ಪ ಬಂದ್ರೂ ಬಾಗಿಲು ತೆಗೆಯಲ್ಲ."

"ಎಲ್ಲರಿಗೂ ಎರಡೂ ಹಾಕಿಬಿಡ್ಲೇನಮ್ಮ?"

"ಅಯ್ಯೋ ಭಾವ, ಹಾಗೆ ಕೈಬಿಚ್ಚಿ ಹಂಚಬಾರದು. ಪಕ್ಕದ ಕಟ್ಟಡದವರು, ಖಾಲಿ ಮಾಡ್ಕೊಂಡು ಹೋದವರು ಎಲ್ಲಾ ನುಗ್ತಾರೆ. ಯಾರಿಗೆ ಏನು ಬೇಕೋ ಅಷ್ಟೇ ಕೊಡಿ. ಅನುಮಾನ ಬಂದ್ರೆ ಕೊಡಲೇಬೇಡಿ. ಈ ಕೆಲಸಕ್ಕೆ ಬೇಕಾಗಿರೋದು ಒಂದೇ ವಿದ್ಯೆ, ಆಗಲ್ಲ ಅನ್ನೋದು. ಅದು ನಿಮಗೆ ಬರಲ್ಲ. ನನ್ನ ಭಯ ಅದೇ."

"ಆಗಲಿ, ಕಲೀತೀನಿ" ಎಂದರು ಆಗಲಿಯವರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂತು ಚೌಕಗಳಿಗೆ ಗುರುತು ಹಾಕಿ ಎದ್ದುಬಿಡುತ್ತಿದ್ದರು. ಇವರು ಕಣ್ಣು ಪರೀಕ್ಷಿಸುವವರು. ಮರುದಿನ ಸಂಜೆ ಒಂದೊಂದೇ ಮನೆಯ ಬಾಗಿಲು ತಟ್ಟಿ, ಅಂಗಡಿಯ ಅದೇ ಧಾಟಿಯಲ್ಲಿ, "ನಿಮಗೆ ಏನು ಬೇಕು, ಬರೆಯೋದಾ, ಓದೋದಾ?" ಎಂದು ವಿಚಾರಿಸಿದರು.

ಡ್ರೈವಿಂಗ್ ಮೇಷ್ಟ್ರು, "ಬರೆಯೋದು. ನಾನು ಹೇಳಬೇಕಾದ್ದು ಬೇಕಾದಷ್ಟಿದೆ. ಇವರದ್ದೆಲ್ಲ ಓದಿ ನನಗೇನಾಗಬೇಕು?" ಎಂದರು. ಕುಂಡದಮ್ಮ, "ಓದ್ತಾ ಕೂರೋಕೆ ನನಗೆ ಪುರುಸೊತ್ತೆಲ್ಲಿದೆ? ಬರೆಯೋದು ಕೊಡಿ ಸಾಕು" ಎಂದರು. ನಾನಂತೂ, ದಿನವಿಡೀ ಇನ್ನೊಬ್ಬರು ಬರೆದದ್ದನ್ನು ಓದಿ ಓದಿ ಕಣ್ಣು ಬಿದ್ದುಹೋಗಿದೆ, ಮನೆಯಲ್ಲಾದರೂ ನನಗೆ ಬರೆಯುವುದಕ್ಕೆ ಬಿಡಿ ಎಂದೆ. ಗಣಿತದ ಟೀಚರ್ ಬಾಗಿಲನ್ನು ಪೂರ್ತಿ ತೆಗೆಯದೆಯೇ, "ಬರೆಯೋದು. ಈ ಕಟ್ಟಡದಲ್ಲಿ ತಿಳಿಸಿ ಹೇಳಬೇಕಾದವರೇ ಜಾಸ್ತಿ" ಎಂದರಂತೆ. ಉಳಿದವರ ಉತ್ತರವೂ ಇದರ ಆಚೀಚೆಯೇ. ಇನ್ನೊಬ್ಬರು ಹೇಳುವುದನ್ನು ನಾನೂ ತಿಳಿಯಬೇಕು ಎಂದವರು ನಮ್ಮ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ.

ಕೊನೆಗೆ ಅಡುಗೆಮನೆಗೆ ಹೋಗಿ ಹೆಂಡತಿಯನ್ನೂ ವಿಚಾರಿಸಿದರು.

"ನನಗೆ ಎರಡೂ ಬೇಡ. ನಿಮಗೆ ಹೇಳೋದಿದ್ರೆ ಹೇಳ್ತೀನಿ, ನಿಮ್ಮ ಮುಖ ನೋಡಿದ್ರೆ ಉಳಿದಿದ್ದು ಗೊತ್ತಾಗುತ್ತೆ" ಎಂದರು ಅತ್ತಿಗೆ.

ಆಗಲಿಯವರು ಕೇಳಿದವರಿಗೆ ಕೇಳಿದ್ದನ್ನು ಕೊಟ್ಟರು. ಎಲ್ಲರಿಗೂ ಬರೆಯುವ ಚೌಕದಲ್ಲಿ ಗುರುತು ಬಿತ್ತು. ಉಸ್ತುವಾರಿಯವನಿಗೆ ಎಲ್ಲವೂ ತಿಳಿದಿರಬೇಕಲ್ಲ ಎಂದು ತಮಗೆ ಮಾತ್ರ ಓದುವ ಗುರುತು ಹಾಕಿಕೊಂಡರು. ಬರೆಯುವ ಗುರುತು ಹಾಕಿಕೊಳ್ಳಲಿಲ್ಲ, ಯಾಕೆಂದರೆ ಹೇಳಬೇಕಾದದ್ದು ಅವರಿಗೆ ಏನೂ ಇರಲಿಲ್ಲ. ಅಲ್ಲಿಗೆ ಇಡೀ ಕಟ್ಟಡ ಮಾತಾಡುವ, ಒಬ್ಬರೇ ಕೇಳಿಸಿಕೊಳ್ಳುವ ವ್ಯವಸ್ಥೆ ಜಾರಿಗೆ ಬಂತು. ಅದು ಒಬ್ಬರಿಗೂ ತಿಳಿಯಲಿಲ್ಲ.

ಆಮೇಲಿನದನ್ನು ಸುವರ್ಣಯುಗ ಎನ್ನದೆ ಬೇರೆ ದಾರಿಯಿಲ್ಲ. ಮೊದಲ ದಿನವೇ ಮೇಷ್ಟ್ರು ಪಾರ್ಕಿಂಗ್ ಚಾನೆಲ್ಲಿನಲ್ಲಿ ಕುಂಡದಮ್ಮನನ್ನು ತರಾಟೆಗೆ ತೆಗೆದುಕೊಂಡರು. ಯಾರೂ ಮರುಮಾತಾಡಲಿಲ್ಲ. ಎರಡು ದಿನದಲ್ಲಿ ನೀರು ಬೀಳುವುದು ನಿಂತಿತು. ಮೇಷ್ಟ್ರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ನೋಡಿದ್ರಾ, ಒಂದೇ ಮಾತು ಬರೆದೆ, ಎಲ್ಲರ ಬಾಯಿಗೂ ಬೀಗ" ಎಂದರು. ನಾನು ನಕ್ಕು ಸುಮ್ಮನಾದೆ, ಯಾಕೆಂದರೆ ಎಲ್ಲರ ಬಾಯಿಗೆ ಬೀಗ ಹಾಕಿದವನು ನಾನೆಂದು ನನಗೆ ಗೊತ್ತಿತ್ತು. ಲಿಫ್ಟಿನ ಬಾಗಿಲನ್ನು ದಢಾರನೆ ಬಡಿಯುವವರ ಬಗ್ಗೆ ನಾನು ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಒಂದು ಲೇಖನವನ್ನೇ ಬರೆದಿದ್ದೆ. ಮಾರನೆಯ ದಿನದಿಂದ ಬಾಗಿಲಿನ ಸದ್ದೇ ಇಲ್ಲ. ಕುಂಡದಮ್ಮ ಮೆಟ್ಟಿಲಲ್ಲಿ ಸಿಕ್ಕಿದರೆ ಗೆದ್ದು ಬಂದವರ ಹಾಗೆ ನಗುತ್ತಿದ್ದರು. ಬೆಳಗಿನ ಗುರ್ರೆನ್ನುವ ಸದ್ದಿನ ಬಗ್ಗೆ ಅವರು ಬರೆದ ಮೇಲೆ ಮೇಷ್ಟ್ರು ಕಾರನ್ನು ಆಚೆ ರಸ್ತೆಗೆ ಮುಖಮಾಡಿ ನಿಲ್ಲಿಸತೊಡಗಿದ್ದರಂತೆ.

ನಡೆದದ್ದು ಬೇರೆ. ಆಗಲಿಯವರು ಪ್ರತಿ ಸಂಜೆ ಅಂಗಡಿ ಮುಚ್ಚಿ ಬಂದು, ಚಹಾ ಕುಡಿಯುತ್ತ ಎಲ್ಲರ ಬೈಗುಳವನ್ನೂ ಶ್ರದ್ಧೆಯಿಂದ ಓದುತ್ತಿದ್ದರು. ಒಂದೊಂದು ಓದಿದಾಗಲೂ ಫೋನಿಗೆ ಆಗಲಿ ಎನ್ನುತ್ತಿದ್ದರು. ಮರುದಿನ ಕುಂಡದಮ್ಮನ ಮನೆಗೆ ಹೋಗಿ, "ಅಂಗಡಿ ಹತ್ತಿರ ಪ್ಲಾಸ್ಟಿಕ್ ತಟ್ಟೆ ಅಗ್ಗಕ್ಕೆ ಸಿಕ್ತು, ಕುಂಡದ ಕೆಳಗಿಡೋಕೆ ಚೆನ್ನಾಗಿರುತ್ತೆ" ಎಂದು ತಾವೇ ಕೂತು ಜೋಡಿಸಿ ಬಂದರು. ಲಿಫ್ಟಿನ ಬಾಗಿಲಿಗೆ ರಬ್ಬರ್ ಅಂಟಿಸಿ, ಕನ್ನಡಕದ ತಿರುಪಿಗೆ ಬಿಡುವ ಎಣ್ಣೆಯನ್ನೇ ಬಿಟ್ಟರು. ಮೇಷ್ಟ್ರಿಗೆ, "ಕಾರನ್ನ ಆ ಕಡೆ ನಿಲ್ಲಿಸಿದ್ರೆ ನಿಮ್ಮ ಶಾಲೆ ಬೋರ್ಡು ಎಲ್ಲರಿಗೂ ಕಾಣುತ್ತೆ" ಎಂದು ಸಲಹೆ ಕೊಟ್ಟರು. ಕೆಲಸ ಇವರದ್ದು, ಜಯಭೇರಿ ನಮ್ಮದು.

ಕಟ್ಟಡ ಎಷ್ಟು ತಣ್ಣಗಾಯಿತೆಂದರೆ ವಾರ್ಡ್ ಕಚೇರಿಯಿಂದ ಅಧಿಕಾರಿಯೊಬ್ಬರು ಹುಡುಕಿಕೊಂಡು ಬಂದರು.

"ನಿಮ್ಮ ಕಟ್ಟಡದಿಂದ ಒಂದು ದೂರೂ ಬರ್ತಿಲ್ಲ. ವಾರಕ್ಕೆ ಎರಡಾದ್ರೂ ಬರ್ತಿತ್ತು. ಎಲ್ಲಾ ಕ್ಷೇಮಾನಾ?" ಎಂದು ಅನುಮಾನದಿಂದಲೇ ವಿಚಾರಿಸಿದರು.

"ಕ್ಷೇಮ ಸಾರ್. ಎಲ್ಲಾ ನಮ್ಮ ಇವರ ವ್ಯವಸ್ಥೆ" ಎಂದು ಮೇಷ್ಟ್ರು ಆಗಲಿಯವರ ಬೆನ್ನು ತಟ್ಟಿದರು.

"ಬೇರೆ ಕಟ್ಟಡದವರಿಗೂ ಹೇಳಿಕೊಡ್ತೀರಾ?"

"ಆಗಲಿ" ಎಂದರು ಆಗಲಿಯವರು. ಆ ವಾರವಿಡೀ ಅವರು ಇಸ್ತ್ರಿ ಮಾಡಿದ ಅಂಗಿಯಲ್ಲೇ ತಿರುಗಿದರು.

ಹೀಗಿರುವಾಗ ಒಂದು ಬುಧವಾರ ಸಂಜೆ 'ಎಲ್ಲರದ್ದು' ಚಾನೆಲ್ಲಿನಲ್ಲಿ ಗಣಿತದ ಟೀಚರ್ ಹೀಗೆ ಬರೆದರು: "ಸಮಸ್ತರಿಗೆ. ನಾನು ಈ ಮನೆ ಖಾಲಿ ಮಾಡಿ ಗೆಳತಿಯ ಊರಿಗೆ ಹೋಗುತ್ತಿದ್ದೇನೆ. ಭಾನುವಾರ ಸಂಜೆ ನಾಲ್ಕಕ್ಕೆ ತಾರಸಿಯ ಮೇಲೆ ಚಹಾ ಇದೆ. ಬರುವವರು ಉತ್ತರ ಬರೆಯಬೇಕಿಲ್ಲ, ಬಂದರೆ ಸಾಕು. ಇಷ್ಟು ವರ್ಷ ಇಲ್ಲಿದ್ದೆ. ಹೋಗುವ ಮುಂಚೆ ಒಮ್ಮೆ ಎಲ್ಲರನ್ನೂ ನೋಡಬೇಕೆಂದು ಆಸೆ."

ಆಗಲಿಯವರು ಅಭ್ಯಾಸದಂತೆ ಆಗಲಿ ಎಂದರು. ಚಹಾ ಅರ್ಧಕ್ಕೆ ಬಂದಾಗ ಅವರ ಮುಖ ಬಿಳಿಚಿಕೊಂಡಿತು. ಅತ್ತಿಗೆ ಮುಖ ಓದುವವರಲ್ಲವೆ, ಏನಾಯಿತು ಎಂದರು.

"ಟೀಚರ್ ಎಲ್ಲರನ್ನೂ ಕರೆದಿದ್ದಾರೆ ಕಣೇ. ಓದೋನು ನಾನೊಬ್ಬನೇ."

ತಕ್ಷಣ ನಾದಿನಿಗೆ ಫೋನು ಹೋಯಿತು.

"ಭಾವ, ಓದೋಕೆ ಯಾರ್ಯಾರಿಗೆ ಕೊಟ್ಟಿದೀರಿ?"

"ನನಗೆ."

"ಸರಿ, ಆಮೇಲೆ?"

"ಬೇರೆ ಯಾರೂ ಬೇಕು ಅನ್ನಲಿಲ್ಲಮ್ಮ."

ಆ ಕಡೆ ನಾದಿನಿ ನಗುತ್ತಿದ್ದಳೋ ಹಣೆ ಚಚ್ಚಿಕೊಳ್ಳುತ್ತಿದ್ದಳೋ ತಿಳಿಯದು. ಆಮೇಲೆ, "ಈಗ ಓದೋ ಗುರುತು ಹಾಕಿದ್ರೆ ಟೀಚರ್ ಮೆಸೇಜ್ ಒಂದೇ ಅಲ್ಲ, ಮೊದಲ ದಿನದಿಂದ ಬರೆದಿರೋದು ಎಲ್ಲಾ ಎಲ್ಲರ ಫೋನಿಗೂ ಬಂದು ಬೀಳುತ್ತೆ. ಅಳಿಸೋಕೂ ಆಗಲ್ಲ. ಅಳಿಸಬಾರದು ಅಂತ ಷರತ್ತು ಹಾಕಿದ್ದು ನಿಮ್ಮ ಸಭೆನೇ" ಎಂದಳು.

ಆಗಲಿಯವರು ಮೂರು ತಿಂಗಳ ಬೈಗುಳವನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿಹಾಕಿದರು. ಹೆಚ್ಚಿನ ಪಾಲು ಟೀಚರ್ ಮೇಲೆಯೇ ಇತ್ತು. "ಆ ಬಾಯಿಗೆ ಬ್ರೇಕೇ ಇಲ್ಲ, ಇರೋದೆಲ್ಲ ಹಾರ್ನು" ಎಂದು ಮೇಷ್ಟ್ರು ಬರೆದಿದ್ದರು. "ಟೀಚರ್ ನಿವೃತ್ತರಾಗಿದ್ದಾರೆಂಬ ಸುದ್ದಿಯನ್ನು ಯಾರಾದರೂ ಅವರಿಗೆ ತಿಳಿಸಬೇಕು" ಎಂಬುದು ನನ್ನದು. ಬರೆದಾಗ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಓದುವ ಗುರುತು ಹಾಕಿದರೆ ಟೀಚರ್ ಇದನ್ನೆಲ್ಲ ಓದಿಕೊಂಡು ಊರು ಬಿಡುತ್ತಾರೆ. ಹಾಕದಿದ್ದರೆ ಖಾಲಿ ತಾರಸಿ ನೋಡಿಕೊಂಡು ಊರು ಬಿಡುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಮರುದಿನ ತಮ್ಮ ತಪ್ಪು ಹೊರಬೀಳದ ಹಾಗೆ ಎಲ್ಲರನ್ನೂ ಕರೆಯಲು ಅವರು ಮತ್ತೆ ಬಾಗಿಲು ತಟ್ಟತೊಡಗಿದರು. ಮೊದಲು ಮೇಷ್ಟ್ರದ್ದು.

"ಟೀಚರ್ ಬರೆದಿದ್ದು ನೋಡಿದ್ರಾ?"

"ನೋಡ್ದೆ ನೋಡ್ದೆ" ಎಂದರು ಮೇಷ್ಟ್ರು. ನೋಡಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ಅವರದ್ದಲ್ಲ.

"ಹಾಗಾದ್ರೆ ಭಾನುವಾರ ಬರ್ತೀರಲ್ಲ?"

"ಎಲ್ಲಿಗೆ?"

"ತಾರಸಿಗೆ. ಎಲ್ಲರೂ ಬರಬೇಕಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು. "ಓಹೋ, ನಾನು ಬರೆದಿದ್ದಕ್ಕೆ ಎಲ್ಲರ ಮುಂದೆ ಲೆಕ್ಕ ಕೇಳ್ತಾರಾ? ಭಾನುವಾರ ನನಗೆ ಕ್ಲಾಸಿದೆ" ಎಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು. ಕುಂಡದಮ್ಮ, "ನಾನು ಬರೆದಿದ್ದೇ ಸತ್ಯ, ಅದಕ್ಕೆ ಕ್ಷಮೆ ಕೇಳೋಕೆ ತಾರಸಿ ಬೇರೆ ಹತ್ತಬೇಕಾ? ಮಂಡಿನೋವು" ಎಂದರು. ನನ್ನ ಬಾಗಿಲಿಗೆ ಬಂದಾಗ ನಾನೂ ಒಳ್ಳೆಯ ಘನತೆಯಿಂದಲೇ, ಅಚ್ಚಿನ ಮನೆಯಲ್ಲಿ ತುರ್ತು ಕೆಲಸವಿದೆ ಎಂದೆ. ಭಾನುವಾರ ಅಚ್ಚಿನ ಮನೆಗೆ ರಜೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಆಗಲಿ ಎಂದು ಹಿಂತಿರುಗಿದರು. ಅಷ್ಟೂ ಮನೆ ತಿರುಗಿ ಒಬ್ಬರೂ ಒಪ್ಪಲಿಲ್ಲ.

ಶನಿವಾರ ಟೀಚರ್ ಮನೆಯ ಸಾಮಾನು ರಟ್ಟಿನ ಡಬ್ಬಗಳಲ್ಲಿ ಕೆಳಗಿಳಿಯಿತು. ಅತ್ತಿಗೆ ಅದನ್ನು ನೋಡಿಬಂದು ಗಂಡನಿಗೆ ಒಂದೇ ಮಾತು ಹೇಳಿದರಂತೆ: "ನಿಜ ಹೇಳಿಬಿಡಿ. ನಿಮ್ಮ ಮರ್ಯಾದೆ ಹೋಗುತ್ತೆ, ಹೋಗಲಿ. ನಾಳೆ ಆ ಹೆಂಗಸು ಒಬ್ಬರೇ ಮೇಲೆ ಕೂತಿದ್ರೆ ನನಗೆ ನೋಡೋಕಾಗಲ್ಲ."

ಆ ಸಂಜೆ ನಮ್ಮ ಬಾಗಿಲು ಬಡಿದ ಸದ್ದು ಮತ್ತೆ ಕೇಳಿಸಿತು. ಆಗಲಿಯವರು ನಿಂತಲ್ಲೇ ಹೇಳಿದರು: "ನೀವು ಇಷ್ಟು ದಿನ ಬರೆದಿದ್ದನ್ನ ಯಾರೂ ಓದಿಲ್ಲ. ಟೀಚರ್ ಓದಿಲ್ಲ, ಮೇಷ್ಟ್ರು ಓದಿಲ್ಲ. ಓದಿದ್ದು ನಾನೊಬ್ಬನೇ. ತಪ್ಪು ನನ್ನದೇ. ಅವರು ಲೆಕ್ಕ ಕೇಳೋಕೆ ಕರೆದಿಲ್ಲ, ಚಹಾ ಕುಡಿಯೋಕೆ ಕರೆದಿದ್ದಾರೆ."

ನನ್ನ ಕೋಪ ನೆತ್ತಿಗೇರಿತು. ಮೂರು ತಿಂಗಳ ಗದ್ಯ! ಲಿಫ್ಟಿನ ಬಾಗಿಲನ್ನು ಕುರಿತ ಲೇಖನವನ್ನು ನಾನು ಎರಡು ಸಲ ತಿದ್ದಿ ಬರೆದಿದ್ದೆ. ಕನ್ನಡಕ ಮಾರುವವನಿಗೆ ಅನುಮತಿ ಕೊಡುವ ಕೆಲಸ ಕೊಟ್ಟವರಿಗೆ ಬುದ್ಧಿಯಿಲ್ಲ ಎಂದೆಲ್ಲ ಕೂಗಾಡಿದೆ. ಕೂಗಾಡುತ್ತ ಇರುವಾಗಲೇ ಟೀಚರ್ ನಿವೃತ್ತಿಯ ಆ ವಾಕ್ಯ ನೆನಪಾಯಿತು. ಅದನ್ನೂ ಯಾರೂ ಓದಿಲ್ಲ ಎಂಬುದು ಹೊಳೆದು ಕೂಗಾಟ ನಿಲ್ಲಿಸಿದೆ.

"ಓದೋ ಗುರುತು ಯಾವತ್ತೂ ಹಾಕಲ್ಲ ತಾನೆ?" ಎಂದೆ.

"ನೀವು ಬೇಡ ಅಂದ್ರೆ ಹಾಕಲ್ಲ."

"ಬೇಡ. ಎಷ್ಟು ಗಂಟೆಗೆ ಅಂದ್ರಿ?"

ಬೇರೆ ಮನೆಗಳಲ್ಲೂ ಇದೇ ಕ್ರಮ, ಮೊದಲು ಬೈಗುಳ, ಆಮೇಲೆ ನಿಟ್ಟುಸಿರು, ಕಡೆಗೆ ಗಂಟೆ ಎಷ್ಟು ಎಂಬ ಪ್ರಶ್ನೆ. ಮೇಷ್ಟ್ರು ಎಷ್ಟು ಹಗುರಾದರೆಂದರೆ ಟೀಚರನ್ನು ಊರಿಗೆ ತಮ್ಮ ಕಾರಿನಲ್ಲೇ ಬಿಟ್ಟುಬರುತ್ತೇನೆ ಎಂದರಂತೆ.

ಭಾನುವಾರ ನಾಲ್ಕಕ್ಕೆ ಇಡೀ ಕಟ್ಟಡ ಒಗೆದ ಬಟ್ಟೆ ಹಾಕಿಕೊಂಡು, ತೊಳೆದ ಮುಖ ಹೊತ್ತುಕೊಂಡು ತಾರಸಿ ಹತ್ತಿತು. ಕುಂಡದಮ್ಮ ಒಂದು ಗುಲಾಬಿ ಕುಂಡವನ್ನೇ ಎತ್ತಿಕೊಂಡು ಬಂದಿದ್ದರು, ಮಂಡಿನೋವು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಟೀಚರ್ ಒಂದು ಮಡಚುವ ಮೇಜಿನ ಪಕ್ಕದಲ್ಲಿ ಕೂತಿದ್ದರು. ನಮ್ಮ ದಂಡು ಕಂಡ ಕೂಡಲೇ ಗಾಬರಿಯಿಂದ ಎದ್ದು ನಿಂತರು.

ಮೇಜಿನ ಮೇಲೆ ಒಂದು ಫ್ಲಾಸ್ಕು ಇತ್ತು. ಅದರ ಪಕ್ಕದಲ್ಲಿ ಮೂರೇ ಮೂರು ಕಪ್ಪು.

"ನೀವೆಲ್ಲ ಹೇಗೆ ಬಂದ್ರಿ?" ಎಂದರು ಟೀಚರ್.

"ನಿಮ್ಮ ಮೆಸೇಜ್ ಓದಿದ್ವಲ್ಲ" ಎಂದರು ಮೇಷ್ಟ್ರು. ನಾವೆಲ್ಲ ಹೌದೌದು ಎಂದು ತಲೆಯಾಡಿಸಿದೆವು.

"ಸುಳ್ಳು" ಎಂದರು ಟೀಚರ್. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದರು. "ಶುರುವಿನಲ್ಲೇ ನಾನು ಒಂದು ಪರೀಕ್ಷೆ ಮಾಡಿದ್ದೆ. ಎರಡೂ ಎರಡೂ ಐದು ಅಂತ ಬರೆದೆ. ಈ ಕಟ್ಟಡದಲ್ಲಿ ನಾನು ತಪ್ಪು ಬರೆದು ಒಬ್ಬರೂ ಎಗರಿ ಬೀಳಲಿಲ್ಲ ಅಂದ್ರೆ ಒಬ್ಬರೂ ಓದಿಲ್ಲ ಅಂತಲೇ ಅರ್ಥ. ಆಮೇಲೆ ತಾರಸಿ ಮೆಟ್ಟಿಲ ಬಲ್ಬು ಹೋಗಿದೆ ಅಂತ ಬರೆದೆ. ಮಾರನೇ ದಿನ ಇವರು ಏಣಿ ಹಾಕಿ ಬಲ್ಬು ಬದಲಾಯಿಸ್ತಿದ್ರು." ಅವರು ಆಗಲಿಯವರ ಕಡೆ ನೋಡಿದರು. "ಓದೋರು ಒಬ್ಬರೇ ಅಂತ ಅವತ್ತೇ ಗೊತ್ತಾಯ್ತು. ಅದಕ್ಕೇ ಮೂರು ಕಪ್ಪು. ಅವರಿಗೊಂದು, ಅವರ ಮನೆಯವರಿಗೊಂದು, ನನಗೊಂದು."

"ಮತ್ತೆ ಸಮಸ್ತರಿಗೆ ಅಂತ ಯಾಕೆ ಬರೆದ್ರಿ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಕರಡು ತಿದ್ದುವವನ ಚಾಳಿ.

ಟೀಚರ್ ಮೂರು ಕಪ್ಪುಗಳನ್ನು ಒಂದೇ ಸಾಲಿಗೆ ಸರಿಸಿಟ್ಟರು. "ಯಾರೂ ಓದಲ್ಲ ಅಂತ ಗೊತ್ತಿತ್ತಲ್ಲ, ಅದಕ್ಕೇ ಬರೆಯೋ ಧೈರ್ಯ ಬಂತು. ಓದ್ತೀರಿ ಅಂತ ಇದ್ದಿದ್ರೆ ನಿಮ್ಮನ್ನೆಲ್ಲ ಕರೀತಾ ಇರಲಿಲ್ಲ. ಕರೆದು ನೀವು ಬರದಿದ್ರೆ ನನಗೆ ತಡೆದುಕೊಳ್ಳೋಕೆ ಆಗ್ತಿರಲಿಲ್ಲ" ಎಂದರು. ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ಅಷ್ಟು ವರ್ಷದಲ್ಲಿ ಟೀಚರ್ ಅತ್ತದ್ದನ್ನು ನಾವು ಕಂಡಿರಲಿಲ್ಲ. ನಮಗೂ ನಾಚಿಕೆಯಾಯಿತು, ದುಃಖವೂ ಆಯಿತು. ಒಬ್ಬೊಬ್ಬರೇ ಕೆಳಗಿಳಿದು ನಮ್ಮ ನಮ್ಮ ಮನೆಯಿಂದ ಕಪ್ಪು ತಂದೆವು. ಅತ್ತಿಗೆ ದೊಡ್ಡ ಪಾತ್ರೆಯಲ್ಲಿ ಮತ್ತೆ ಚಹಾ ಮಾಡಿ ತಂದರು. ಕತ್ತಲಾಗುವವರೆಗೂ ಕೂತೆವು. ಟೀಚರ್ ನನ್ನ ಎರಡು ತಪ್ಪು ತಿದ್ದಿದರು, ನಾನು ಅವರದ್ದೊಂದು ತಿದ್ದಿದೆ.

ಮರುದಿನ ಬೆಳಿಗ್ಗೆ ಮೇಷ್ಟ್ರ ಕಾರು ಗೇಟಿನ ಮುಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಗುಲಾಬಿ ಕುಂಡ, ಅದರ ಕೆಳಗೆ ತಟ್ಟೆ. ಬೀಳ್ಕೊಡುವುದಕ್ಕೆ ನಾವೆಲ್ಲ ಮೆಟ್ಟಿಲ ಮೇಲೆ ನಿಂತಿದ್ದೆವು. ಟೀಚರ್ ಕಾರಿನ ಬಾಗಿಲು ಹಿಡಿದುಕೊಂಡು ಆಗಲಿಯವರನ್ನು ಕರೆದರು.

"ಒಂದು ಉಪಕಾರ ಮಾಡ್ತೀರಾ? ಅಲ್ಲಿ ಸಂಜೆ ಹೊತ್ತು ಹೋಗಲ್ಲ. ನಿಮ್ಮ ಆಪಲ್ಲಿ ನನಗೆ ಓದೋ ಅನುಮತಿ ಹಾಕಿಬಿಡಿ. ಇವರೆಲ್ಲ ಇಷ್ಟು ದಿನ ಏನೇನು ಬರೆದಿದ್ರು ಅಂತ ಓದ್ತಾ ಇರ್ತೀನಿ. ಎಲ್ಲರ ಜೊತೆ ಇದ್ದ ಹಾಗಿರುತ್ತೆ."

ಮೇಷ್ಟ್ರು ಸ್ಟಿಯರಿಂಗನ್ನು ನೋಡತೊಡಗಿದರು. ಕುಂಡದಮ್ಮ ಸೆರಗಿನ ಅಂಚು ಹಿಡಿದುಕೊಂಡರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಯಾರು ಏನು ಬೇಡಿದರೂ ಆ ಮನುಷ್ಯನ ಬಾಯಿಂದ ಬರುವುದು ಒಂದೇ ಮಾತು, ಅದು ಈಗ ಬರುತ್ತದೆ, ನಮ್ಮ ಕಥೆ ಮುಗಿಯಿತು ಎಂದುಕೊಂಡೆವು.

ಆಗಲಿಯವರು ಎರಡು ಸಲ ಬಾಯಿ ತೆರೆದು ಮುಚ್ಚಿದರು. ಹಣೆಯ ಮೇಲೆ ಬೆವರು ಬಂದಿತ್ತು.

"ಆಗಲ್ಲ ಟೀಚರ್" ಎಂದರು. "ಖಾಲಿ ಮಾಡಿಕೊಂಡು ಹೋದವರಿಗೆ ಅನುಮತಿ ಕೊಡಬಾರದು ಅಂತ ನಮ್ಮ ನಾದಿನಿ ಹೇಳಿದ್ದಾಳೆ."

ಅತ್ತಿಗೆ ತಿರುಗಿ ಗಂಡನ ಮುಖವನ್ನೇ ನೋಡಿದರು. ಟೀಚರ್ ಕೂಡ ನೋಡಿದರು. ಆಮೇಲೆ ಮೇಷ್ಟ್ರನ್ನು, ಕುಂಡದಮ್ಮನನ್ನು, ನನ್ನನ್ನು, ಒಬ್ಬೊಬ್ಬರನ್ನಾಗಿ, ಹಾಜರಿ ತೆಗೆದುಕೊಳ್ಳುವವರ ಹಾಗೆ ನೋಡಿದರು. ನಾವು ಯಾರೂ ತಲೆಯೆತ್ತಲಿಲ್ಲ.

"ಸರಿಯಾದ ಉತ್ತರ" ಎಂದು ಹೇಳಿ ಟೀಚರ್ ಕಾರು ಹತ್ತಿದರು.